ಹಳೆ ಬೈಕಿನ ಸದ್ದು ಇಳಿಸಿದ ಬಗೆ

ಹಳೆಯ 350 ಸಿಸಿ ಸಿಂಗಲ್ ಸಿಲಿಂಡರ್ ಬೈಕೊಂದು ನನ್ನ ಕೈಗೆ ಬಂದಾಗ ಅದರಲ್ಲಿ ಮೂಲ ಸೈಲೆನ್ಸರ್ ಇರಲಿಲ್ಲ. ಒಳಗೆ ಏನೂ ಇಲ್ಲದ ಉದ್ದ ಕೊಳವೆಯೊಂದನ್ನು ಯಾರೋ ಸಿಕ್ಕಿಸಿದ್ದರು. ಸ್ಟಾರ್ಟ್ ಮಾಡಿದರೆ ಕಿಟಕಿ ಗಾಜು ಅದುರುತ್ತಿತ್ತು. ನನಗೆ ಬೇಕಾದದ್ದು ಆ ನಿಧಾನದ ಗುಡುಗುಡು ದನಿ, ಪಕ್ಕದಲ್ಲಿ ನಿಂತವರ ಕಿವಿ ನೋಯಿಸದ ಮಟ್ಟಿಗೆ.

ಕೊಳವೆಯ ತುದಿಗೆ ಸಣ್ಣ ತೂತಿನ ತಗಡು ವೆಲ್ಡ್ ಮಾಡಿಸು ಎಂದವರೇ ಹೆಚ್ಚು. ಅದನ್ನು ನಾನು ಒಪ್ಪಲಿಲ್ಲ. ಹೊಗೆಗೆ ದಾರಿ ಕಟ್ಟಿದರೆ ಸುಟ್ಟ ಗಾಳಿ ಸಿಲಿಂಡರಿನಲ್ಲೇ ಉಳಿಯುತ್ತದೆ, ಎಂಜಿನ್ ಕಾಯುತ್ತದೆ, ಪಿಕಪ್ ಬೀಳುತ್ತದೆ. ಹೊಗೆ ಸರಾಗವಾಗಿ ಹೊರಗೆ ಹೋಗಬೇಕು, ಅದರ ಜೊತೆ ಬರುವ ಒತ್ತಡದ ಅಲೆ ಮಾತ್ರ ಒಳಗೇ ಸಾಯಬೇಕು.

ಹಾಗಾಗಿ ಮೊದಲು ಕಿವಿಗೊಟ್ಟು ಸದ್ದುಗಳನ್ನು ಬೇರೆ ಬೇರೆ ಮಾಡಿಕೊಂಡೆ. ಸಿಲಿಂಡರ್ ಹೆಡ್ ಹತ್ತಿರ ಟಿಕ್ ಟಿಕ್ ಎಂಬ ಹರಿತವಾದ ಸದ್ದು. ಆಕ್ಸಿಲರೇಟರ್ ಬಿಟ್ಟಾಗ ಪಟಾರ್ ಪಟಾರ್. ಇವೆರಡರ ಕೆಳಗೆ ಎದೆಗೆ ಗುದ್ದುವ ದಪ್ಪ ಸದ್ದು. ಮೂರಕ್ಕೂ ಮದ್ದು ಒಂದೇ ಅಲ್ಲ.

ಟಿಕ್ ಟಿಕ್ ಸದ್ದಿಗೆ ಕಾರಣ ಲೀಕ್. ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ತುದಿಯಿಂದ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದಿ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪ್ ಹೆಡ್ಡಿಗೆ ಸೇರುವಲ್ಲಿ ನೊರೆ ಎದ್ದಿತು. ಅಲ್ಲಿದ್ದ ತಾಮ್ರದ ರಿಂಗ್ ಒತ್ತಿಸಿಕೊಂಡೂ ಒತ್ತಿಸಿಕೊಂಡೂ ಗಟ್ಟಿಯಾಗಿಬಿಟ್ಟಿತ್ತು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಉಕ್ಕಾದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮತ್ತೆ ಕೂರಿಸಿ ಬಿಗಿ ಮಾಡಿದ ಮೇಲೆ ಆ ಸದ್ದು ನಿಂತಿತು. ಪಟಾರ್ ಸದ್ದೂ ಅರ್ಧ ಇಳಿಯಿತು, ಏಕೆಂದರೆ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಪೈಪಿನಲ್ಲಿ ಉಳಿದ ಪೆಟ್ರೋಲ್ ಆವಿ ಅಲ್ಲೇ ಹೊತ್ತಿಕೊಳ್ಳುತ್ತಿತ್ತು.

ಸೈಲೆನ್ಸರಿಗೆ ಕೈ ಹಾಕುವ ಮುಂಚೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು, ನೋಡಲೇಬೇಕು, ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಕಿಡಿ ತಡವಾದರೆ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೆ ಒಳಗಿನ ಒತ್ತಡ ಇನ್ನೂ ಹೆಚ್ಚೇ ಇರುತ್ತದೆ. ಸದ್ದು ಜೋರಾಗುತ್ತದೆ, ಬೆಂಡ್ ಪೈಪ್ ವಿಪರೀತ ಕಾಯುತ್ತದೆ. ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್‌ಗಳ ಗ್ಯಾಪನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಇಟ್ಟು 0.35ರಿಂದ 0.40 ಮಿ.ಮೀ. ನಡುವೆ ತಂದು, ಆಮೇಲೆ ಟೈಮಿಂಗ್ ಕೂರಿಸಿದೆ. ವಾಲ್ವ್ ತೆರೆಯಿಸುವ ಟ್ಯಾಪೆಟ್ಟಿನ ಸಂದಿಯನ್ನೂ ಆಗಲೇ ಸರಿಮಾಡಿಕೊಂಡೆ.

ಇನ್ನು ದಪ್ಪ ಸದ್ದು. ಫೋರ್ ಸ್ಟ್ರೋಕ್ ಸಿಂಗಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸಲ ಗುದ್ದುತ್ತದೆ. 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 520 ಮೀಟರ್ ಓಡುತ್ತದೆ, ಅಂದರೆ ಆ ಅಲೆಯ ಉದ್ದ 20 ಮೀಟರಿಗೂ ಮೇಲೆ. ಎರಡು ಸೆಂಟಿಮೀಟರ್ ದಪ್ಪದ ಗ್ಲಾಸ್ ವೂಲ್ ಅದಕ್ಕೆ ಏನೂ ಮಾಡಲಾರದು. ವೂಲ್ ಹೀರುವುದು ಮೇಲಿನ ಕಿರಿಚು ಸದ್ದನ್ನು ಮಾತ್ರ. ದಪ್ಪ ಸದ್ದು ಇಳಿಯಬೇಕಾದರೆ ಜಾಗ ಬೇಕು: ಹೊಗೆ ಇದ್ದಕ್ಕಿದ್ದಂತೆ ಅಗಲವಾದ ಕೋಣೆಗೆ ಬಿದ್ದು ಹರಡಿ, ಅಲೆ ಗೋಡೆಗೆ ಬಡಿದು ಹಿಂದಕ್ಕೆ ಹೋಗಬೇಕು.

ನಾನು ಮಾಡಿಸಿದ್ದು ಎರಡು ಕೋಣೆಯ ಸೈಲೆನ್ಸರ್. ಹೊರಗಿನ ಆಕಾರ ಹಳೆಯದರಂತೆಯೇ. ಮುಂದಿನ ಕೋಣೆ ಖಾಲಿ. ನಡುವಿನ ಗೋಡೆಯಲ್ಲಿ ಕೊಳವೆಯನ್ನು ಮಧ್ಯಕ್ಕೆ ಇಡದೆ ಒಂದು ಪಕ್ಕಕ್ಕೆ ಇಡಿಸಿದೆ, ಸದ್ದು ನೇರವಾಗಿ ನುಗ್ಗದಿರಲಿ ಎಂದು. ಹಿಂದಿನ ಕೋಣೆಯಲ್ಲಿ 3 ಮಿ.ಮೀ. ತೂತುಗಳ ಕೊಳವೆ, ಅದರ ಸುತ್ತ ಮೊದಲು ಸ್ಟೀಲ್ ವೂಲ್, ಮೇಲೆ ಗ್ಲಾಸ್ ವೂಲ್. ಸ್ಟೀಲ್ ಪದರ ಇಲ್ಲದಿದ್ದರೆ ಗ್ಲಾಸ್ ವೂಲ್ ಚೂರುಚೂರಾಗಿ ಹೊಗೆಯ ಜೊತೆ ಹಾರಿಹೋಗುತ್ತದೆ. ಒಳಗಿನ ಯಾವ ಕೊಳವೆಯೂ ಬೆಂಡ್ ಪೈಪಿಗಿಂತ ಕಿರಿದಾಗದಂತೆ ನೋಡಿಕೊಂಡೆ. ತೀರ ಕೆಳಗಿನ ಜಾಗದಲ್ಲಿ ಸಣ್ಣದೊಂದು ತೂತು ಬಿಡಿಸಿದ್ದೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ, ಹತ್ತಿರದ ಓಡಾಟದಲ್ಲಿ ಅದು ಒಣಗದೆ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ತುಂಬ ಹಳೆಯ ಸೈಲೆನ್ಸರ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅನುಮಾನ ಬಂದರೆ ಕೊರೆಯಬೇಡಿ, ಬ್ರಷ್ ಹಾಕಿ ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದ್ದು.

ಹೊಸ ಸೈಲೆನ್ಸರ್ ಕೂತ ಮೇಲೆ ಪ್ಲಗ್ ಕಪ್ಪಾಗತೊಡಗಿತು. ಖಾಲಿ ಕೊಳವೆಗೆ ಹೊಂದಲೆಂದು ಕಾರ್ಬ್ಯುರೇಟರಿಗೆ ದೊಡ್ಡ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಅಳತೆಯ ತೂತಿನ ಬಿಡಿಭಾಗ) ಹಾಕಿದ್ದರು, ಈಗ ಅದು ಅತಿಯಾಯಿತು. ಮ್ಯಾನುವಲ್‌ನಲ್ಲಿದ್ದ ಅಳತೆಯ ಜೆಟ್ಟಿಗೆ ಮರಳಿದೆ. ಖಾಲಿ ರಸ್ತೆಯಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡುವುದೇ ನನಗೆ ನಂಬಿಕೆಯ ಪರೀಕ್ಷೆ. ತಿಳಿ ಕಂದು ಬಣ್ಣ ಸರಿ, ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಬಿಳುಪಾದರೆ ಕಡಿಮೆ, ಅದು ಪಿಸ್ಟನ್ನಿಗೆ ಅಪಾಯ. ಮೇನ್ ಜೆಟ್ ಆದ ಮೇಲೆ ಅರ್ಧ ಥ್ರಾಟಲ್‌ನ ಪೆಟ್ರೋಲ್ ಅಳತೆಗೆ ಕಾರ್ಬ್ಯುರೇಟರಿನ ನೀಡಲ್ ಕ್ಲಿಪ್ ಹೊಂದಿಸಿದೆ, ಕೊನೆಗೆ ಐಡಲಿಂಗ್. ಐಡಲಿಂಗಿನ ಗಾಳಿ ಹೊಂದಿಸುವ ಏರ್ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಒಳಗೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಒಂಚೂರು ಒಳಗೆ ತಿರುಗಿಸಿದ್ದೇ ಉಳಿದಿದ್ದ ಪಟಾರ್ ಸದ್ದೂ ಹೋಯಿತು.

ಪ್ರತಿ ಹಂತದಲ್ಲೂ ಫೋನಿನ ಡೆಸಿಬಲ್ ಆ್ಯಪ್ ಹಿಡಿದೆ. ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆ, ಪ್ರತಿ ಸಲವೂ ಅದೇ ಜಾಗ, ಅದೇ ಆರ್‌ಪಿಎಂ. ಫೋನ್ ತೋರಿಸುವ ಅಂಕಿಯನ್ನು ನಿಜವಾದ ಅಳತೆ ಎಂದು ನಂಬಲಾಗದು. ಆದರೆ ಹಿಂದಿನದಕ್ಕಿಂತ ಇಳಿಯಿತೋ ಇಲ್ಲವೋ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಈಗ ಪೂರ್ತಿ ಥ್ರಾಟಲ್ ಕೊಟ್ಟಾಗ ಸೀಟಿನ ಕೆಳಗಿನಿಂದ ಒಂದು ಬುಸುಗುಟ್ಟುವ ಸದ್ದು ಕೇಳುತ್ತಿದೆ. ಅದು ಕಾರ್ಬ್ಯುರೇಟರ್ ಗಾಳಿ ಎಳೆಯುವ ಸದ್ದು, ಇಷ್ಟು ದಿನ ಸೈಲೆನ್ಸರಿನ ಅಬ್ಬರದಲ್ಲಿ ಮುಚ್ಚಿಹೋಗಿತ್ತು. ಅದಕ್ಕಾಗಿ ಹಳೆಯ ಮಾದರಿಯದೇ ಏರ್ ಫಿಲ್ಟರ್ ಡಬ್ಬಿ ಹುಡುಕುತ್ತಿದ್ದೇನೆ. ಅದು ಸಿಕ್ಕಿದರೆ ಜೆಟ್ಟನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ.