ಫೀಜೋವಾ ಕೊಯ್ಯಬೇಡಿ, ಬೀಳಲು ಬಿಡಿ
ಶಿರಸಿ ಕಡೆ ಫೀಜೋವಾ ಗಿಡ ನೆಟ್ಟವರು ಹಣ್ಣನ್ನು ಕೊಯ್ಯಬೇಡಿ, ಬುಡದಲ್ಲಿ ಹಳೇ ಸೀರೆಯೋ ಶೇಡ್ ನೆಟ್ಟೋ ಹಾಸಿಟ್ಟು ತಾನಾಗೇ ಬಿದ್ದದ್ದನ್ನು ದಿನಾ ಬೆಳಿಗ್ಗೆ ಆರಿಸಿಕೊಳ್ಳಿ. ಪೇರಲೆಯ ಬಳಗದ್ದೇ ಆದರೂ ಇದು ಹಣ್ಣಾದ ಮೇಲೂ ಹಸಿರಾಗಿಯೇ ಇರುತ್ತದೆ, ಬಣ್ಣ ನಂಬಿ ಕೊಯ್ದರೆ ಬರೀ ಹುಳಿ, ಒಗರು. ಅಡ್ಡಕ್ಕೆ ಕತ್ತರಿಸಿ ನೋಡಿ: ನಡುವಿನ ಲೋಳೆ ಬಿಳಿಯಾಗಿದ್ದರೆ ಇನ್ನೂ ಕಾಯಿ, ಗಾಜಿನ ಹಾಗೆ ತಿಳಿಯಾಗಿದ್ದರೆ ಹಣ್ಣು, ಕಂದಾಗಿದ್ದರೆ ಹೊತ್ತು ಮೀರಿದೆ. ಚಮಚದಲ್ಲಿ ತೋಡಿ ತಿನ್ನಿ, ಎಂಥಾ ಪರಿಮಳ! ಮಳೆ ಹಿಡಿದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಬಿದ್ದದ್ದು ಬೇಗ ಕೊಳೆಯುತ್ತದೆ. ಆಗ ಒಂದೊಂದನ್ನೇ ಮೆಲ್ಲಗೆ ಎತ್ತಿ ನೋಡಿ, ಸಲೀಸಾಗಿ ಕಳಚಿ ಬಂದದ್ದನ್ನಷ್ಟೇ ತೆಗೆದುಕೊಳ್ಳಿ. ಕಾರವಾರದವರು ಸುಮ್ನೆ ಆಸೆಪಟ್ಟು ನೆಡಬೇಡಿ, ಹೂ ಚೆನ್ನಾಗಿ ಬರಲು ಇದಕ್ಕೆ ಸ್ವಲ್ಪ ಚಳಿ ಬೇಕು.