ರಕ್ತದ ಸ್ಯಾಂಪಲ್ ತಡವಾದರೆ

ಹುಬ್ಬಳ್ಳಿಯ ಔಷಧ ಪ್ರಯೋಗದ (ಟ್ರಯಲ್) ವಾರ್ಡೊಂದರಲ್ಲಿ ಮಾತ್ರೆ ನುಂಗಿಸಿದ್ದು 8:04ಕ್ಕೆ, ಒಂದು ಗಂಟೆಯ ಸ್ಯಾಂಪಲ್ 9:04ಕ್ಕೆ ತೆಗೆಯಬೇಕು ಎನ್ನಿ. ರಕ್ತ ತೆಗೆಯಲು ಕೈಯಲ್ಲಿಟ್ಟ ಸಣ್ಣ ಕೊಳವೆ (ಕ್ಯಾನುಲಾ) ಕಟ್ಟಿಕೊಂಡು, ಇನ್ನೊಂದು ಕೈಗೆ ಚುಚ್ಚಿ ರಕ್ತ ಸಿಕ್ಕಾಗ 9:11. ಹಾಳೆಯಲ್ಲಿ 9:11 ಎಂದೇ ಬರೆಯಿರಿ. ಪಕ್ಕದಲ್ಲಿ ಕಾರಣ, ಸಹಿ. 9:04 ಎಂದು ತಿದ್ದಿದರೆ ಅದು ಸುಳ್ಳು ದಾಖಲೆ. ಪ್ರೋಟೊಕಾಲ್ (ಟ್ರಯಲ್‌ನ ಲಿಖಿತ ಯೋಜನೆ) ಕೊಟ್ಟ ಮಿತಿ ದಾಟಿದ್ದರೆ ಡೀವಿಯೇಶನ್ ಲಾಗ್‌ಗೂ (ಯೋಜನೆ ತಪ್ಪಿದ್ದನ್ನು ಬರೆದಿಡುವ ದಾಖಲೆ) ಹಾಕಿ. ಮುಂದಿನ ಸ್ಯಾಂಪಲ್‌ನ ಹೊತ್ತನ್ನು ಜರುಗಿಸಬೇಡಿ, ಎಣಿಕೆ 8:04ರಿಂದಲೇ.

ಎಯುಸಿ (ರಕ್ತದಲ್ಲಿನ ಔಷಧದ ಮಟ್ಟ ತೋರಿಸುವ ಗ್ರಾಫಿನ ಕೆಳಗಿನ ವಿಸ್ತೀರ್ಣ, ಅಂದರೆ ದೇಹಕ್ಕೆ ಒಟ್ಟು ಸಿಕ್ಕ ಔಷಧದ ಅಳತೆ) ಲೆಕ್ಕಕ್ಕೆ ನಿಜವಾದ ಹೊತ್ತು ಬೇಕು: 67 ನಿಮಿಷ, ಅಂದರೆ 1.12 ಗಂಟೆ. ಸರಾಸರಿ ಗ್ರಾಫಿಗೆ ಮಾತ್ರ ನಿಗದಿತ ಹೊತ್ತು. ಇದೇ ಏಳು ನಿಮಿಷ 24ನೇ ಗಂಟೆಯಲ್ಲಾದರೆ ಸಾಮಾನ್ಯವಾಗಿ ಏನೂ ಅಲ್ಲ. ಔಷಧ ಏರುವ ಹೊತ್ತಿನಲ್ಲಾದರೆ ಸಿಮ್ಯಾಕ್ಸೇ (ರಕ್ತದಲ್ಲಿ ಔಷಧ ಮುಟ್ಟುವ ಗರಿಷ್ಠ ಮಟ್ಟ) ಕೈತಪ್ಪಬಹುದು.

ಹಾಂ, ಇಡೀ ವಾರ್ಡಿಗೆ ಒಂದೇ ಗಡಿಯಾರವಿರಲಿ. ಒಬ್ಬರ ಮೊಬೈಲು, ಇನ್ನೊಬ್ಬರ ಕೈಗಡಿಯಾರ ನೋಡಿದರೆ ಇಲ್ಲದ ತಡವೂ ಹುಟ್ಟುತ್ತದೆ.