ನಲ್ಲಿ ಗುಂಡಿ ಮುಚ್ಚಿ, ಫಿಲ್ಟರ್ ಮಾತು ಆಮೇಲೆ

ಚಳ್ಳಕೆರೆ ಕಡೆಯ ನಮ್ಮ ಅತ್ತೆಯ ಊರಲ್ಲಿ ನಲ್ಲಿ ಇದ್ದದ್ದು ನೆಲದೊಳಗೆ. ಮನೆ ಮುಂದೆ ಮೊಣಕಾಲುದ್ದ ಗುಂಡಿ, ಅದರ ತಳದಲ್ಲಿ ಪೈಪಿನ ಬಾಯಿ. ಅತ್ತೆ ಗುಂಡಿಗೆ ಕೊಡ ಇಳಿಸಿ, ತುಂಬಿದ ಮೇಲೆ ಸೊಂಟ ಹಿಡಿದುಕೊಂಡು ಮೇಲೆತ್ತುತ್ತಿದ್ದರು. ನೀರು ನಿಂತ ಮೇಲೂ ಗುಂಡಿಯಲ್ಲಿ ಗೇಣುದ್ದ ಕದಡಿದ ನೀರು ಉಳಿಯುತ್ತಿತ್ತು. ಅದರಲ್ಲಿ ಕೋಳಿ ಕಾಲಿಡುತ್ತಿತ್ತು, ಪಕ್ಕದ ಬಚ್ಚಲ ನೀರೂ ಜಿನುಗುತ್ತಿತ್ತು. ಒಂದು ದಿನ ಅಲ್ಲೇ ಕೂತು ನೋಡಿದೆ. ವಾಲ್ವ್ ಬಂದ್ ಮಾಡಿದ ಸ್ವಲ್ಪ ಹೊತ್ತಿಗೆ ಪೈಪು ಸೊರ್ ಎಂದು ಆ ನೀರನ್ನು ಒಳಗೆ ಎಳೆದುಕೊಂಡಿತು. ಮರುದಿನ ಬೆಳಿಗ್ಗೆ ಅದೇ ನೀರು ಯಾರದೋ ಮನೆಯ ಮೊದಲ ಕೊಡಕ್ಕೆ ಬಂದಿರುತ್ತದೆ, ಅಲ್ವಾ?

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಜೀವ ಹೋದದ್ದು ನಮಗೆಲ್ಲ ನೆನಪಿದೆ. ನೂರಿನ್ನೂರು ಮನೆಯ ಹಟ್ಟಿಯೊಂದು ತನ್ನ ನೀರನ್ನು ತಾನೇ ಕಾಯ್ದುಕೊಳ್ಳುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ನಡೆದು ನೋಡಿ

ನೀರು ಬಿಡುವ ಹೊತ್ತಿಗೆ ನೀರುಗಂಟಿಯ ಜೊತೆ ಟ್ಯಾಂಕಿನಿಂದ ಕೊನೆಯ ನಲ್ಲಿಯವರೆಗೆ ನಡೆಯಿರಿ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆ ಬಂದರೆ ಒಳ್ಳೆಯದು. ಎಲ್ಲಿ ಪೈಪು ಚರಂಡಿಯೊಳಗೆ ಹಾದಿದೆ, ಎಲ್ಲಿ ನೆಲ ಒದ್ದೆಯಾಗಿದೆ, ಯಾರ ಮನೆ ಮುಂದೆ ಗುಂಡಿ ಇದೆ, ಯಾರು ಲೈನಿಗೇ ಮೋಟಾರ್ ಹಚ್ಚಿದ್ದಾರೆ, ಎಲ್ಲ ಬರೆದುಕೊಳ್ಳಿ. ಮೋಟಾರ್ ಎಳೆದಾಗ ಪೈಪಿನ ಬಿರುಕಿನಿಂದ ಚರಂಡಿ ನೀರೂ ಒಳಗೆ ಬರುತ್ತದೆ.

ಗುಂಡಿ ಮುಚ್ಚುವುದು

ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಜನ ಸುಮ್ನೆ ಗುಂಡಿ ತೋಡುವುದಿಲ್ಲ. ನಲ್ಲಿ ಕೆಳಗಿದ್ದಷ್ಟೂ ನೀರು ಜಾಸ್ತಿ ಬರುತ್ತದೆ. ಒಬ್ಬರು ತೋಡಿದರೆ ಪಕ್ಕದ ಮನೆಗೆ ಕಡಿಮೆಯಾಗುತ್ತದೆ, ಅವರೂ ತೋಡುತ್ತಾರೆ. ಆದ್ದರಿಂದ ಒಂದೊಂದೇ ಮನೆಗೆ ಹೋಗಿ ಹೇಳಿದರೆ ಯಾರೂ ಮುಚ್ಚುವುದಿಲ್ಲ. ಇಡೀ ಬೀದಿಯ ಗುಂಡಿಗಳನ್ನು ಒಂದೇ ದಿನ ಮುಚ್ಚಬೇಕು. ನಲ್ಲಿಯನ್ನು ನೆಲದಿಂದ ಎರಡಡಿ ಮೇಲೆತ್ತಿ, ಕೆಳಗೆ ಕೊಡ ಇಡಲು ಚಪ್ಪಡಿ ಹಾಕಿ, ಚೆಲ್ಲಿದ ನೀರು ಹರಿದುಹೋಗಲು ದಾರಿ ಮಾಡಿ. ಅದೇ ದಿನದಿಂದ ಬೀದಿಗೊಂದು ಸರದಿಯಂತೆ ನೀರು ಬಿಡಿಸಿ. ಊರಿಗೆಲ್ಲ ಒಟ್ಟಿಗೆ ಬಿಟ್ಟರೆ ಎತ್ತರದ ಮನೆಗೆ ಏರುವುದಿಲ್ಲ, ವಾರದಲ್ಲಿ ಮತ್ತೆ ಗುದ್ದಲಿ ಹೊರಬರುತ್ತದೆ.

ಟ್ಯಾಂಕ್, ಸಿಸ್ಟನ್ ತೊಳೆಯುವುದು

ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಗಟ್ಟಿ ಬ್ರಷ್‌ನಿಂದ ಗೋಡೆ ಉಜ್ಜಿ. ಸೋಪಿನ ಪುಡಿ ಬೇಡ. ಒಬ್ಬರೇ ಟ್ಯಾಂಕಿಗೆ ಇಳಿಯಲೇಬಾರದು, ಮೇಲೆ ಇನ್ನೊಬ್ಬರು ಇರಬೇಕು. ತೊಳೆದ ಮೇಲೆ ನೀರು ತುಂಬಿ, 1,000 ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಬೆರೆಸಿ 12 ಗಂಟೆ ಬಿಡಿ. ಈ ನೀರು ಕುಡಿಯಲು ಅಲ್ಲ. ವಾಲ್ವ್ ಬಂದ್ ಮಾಡಿ, ಊರಿಗೆಲ್ಲ ಹೇಳಿ, ಆಮೇಲೆ ಪೂರ್ತಿ ಹೊರಗೆ ಬಿಟ್ಟುಬಿಡಿ. ತೊಳೆದ ತಾರೀಖನ್ನು ಟ್ಯಾಂಕಿನ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ ಪೇಂಟಿನಲ್ಲಿ ಬರೆಸಿ.

ದಿನದ ಬ್ಲೀಚಿಂಗ್

ಹೆಚ್ಚು ತಪ್ಪಾಗುವುದು ಇಲ್ಲೇ. ಪುಡಿಯನ್ನು ಹಿಡಿಗಟ್ಟಲೆ ಟ್ಯಾಂಕಿಗೆ ಸುರಿಯುತ್ತಾರೆ. ಒಂದು ದಿನ ನೀರು ಬಾಯಿಗಿಡಲಾಗದಷ್ಟು ವಾಸನೆ, ಮರುದಿನ ಏನೂ ಇಲ್ಲ. ತಿಳಿಯಾದ ನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪೌಡರ್ ಸಾಕು. 10,000 ಲೀಟರ್ ಟ್ಯಾಂಕಿಗೆ 25 ಗ್ರಾಂ ಆಯಿತು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಒಂದು ಗಂಟೆಯ ನಂತರ ನೀರು ಬಿಡಿ. ಪೌಡರ್ ಚೀಲವನ್ನು ಬಾಯಿ ತೆರೆದು ಇಟ್ಟರೆ ಅದರ ಶಕ್ತಿ ಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ನೆರಳಲ್ಲಿ ಇಡಿ.

ಸಾಕಾಗಿದೆಯೋ ಇಲ್ಲವೋ ಎಂದು ಕೊನೆಯ ಮನೆಯ ನಲ್ಲಿಯಲ್ಲಿ ನೋಡಬೇಕು, ಟ್ಯಾಂಕಿನ ಬುಡದಲ್ಲಲ್ಲ. ಪಂಚಾಯಿತಿಯ ಪರೀಕ್ಷಾ ಕಿಟ್ ಕೇಳಿ ತನ್ನಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಕಲಿಸಬೇಕೆಂದೇ ಇದೆ. ಬ್ಲೀಚಿಂಗ್ ಪೌಡರ್‌ನ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರಿನ್ ಇದ್ದರೆ ಕಿಟ್ಟಿನ ಪರೀಕ್ಷೆಯಲ್ಲಿ ನೀರಿಗೆ ಬಣ್ಣ ಬರುತ್ತದೆ. ಟ್ಯಾಂಕಿನ ಹತ್ತಿರ ಬಣ್ಣ ಬಂದು ಕೊನೆಯ ನಲ್ಲಿಯಲ್ಲಿ ಬರದಿದ್ದರೆ, ಹೆಚ್ಚಾಗಿ ನಡುವೆ ಎಲ್ಲೋ ಕೊಳೆ ಸೇರುತ್ತಿದೆ. ಆ ಬೀದಿಯಲ್ಲಿ ಮತ್ತೆ ನಡೆಯಿರಿ.

ಕಿಟ್ ಜೊತೆ ಬರುವ ಪುಟ್ಟ ಬಾಟಲಿಗಳನ್ನೂ ಬಿಡಬೇಡಿ. ಗುರುತಿನವರೆಗೆ ನೀರು ತುಂಬಿ ಮುಚ್ಚಳ ಹಾಕಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ನೀರು ಕಪ್ಪಾದರೆ ಮಲದ ಕೊಳೆ ಸೇರಿರುವ ಸೂಚನೆ. ಬಾಟಲಿಯನ್ನು ಊರವರಿಗೆ ತೋರಿಸಿ. ಗುಂಡಿ ಮುಚ್ಚಲು ಒಪ್ಪದವರೂ ಅದನ್ನು ನೋಡಿದ ಮೇಲೆ ಒಪ್ಪುತ್ತಾರೆ.

ಫ್ಲೋರೈಡ್ ಬೇರೆ ವಿಷಯ

ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ, ಅಂದರೆ ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ಬ್ಲೀಚಿಂಗ್‌ನಿಂದ ಇದು ಹೋಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಇಂಗಿದಷ್ಟು ಗಟ್ಟಿಯಾಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡರೆ ಆ ಬೋರಿನ ನೀರನ್ನು ಲ್ಯಾಬಿಗೆ ಕಳಿಸಿ. ಅಂಥ ಊರಲ್ಲಿ ಕುಡಿಯಲು ಮಾತ್ರವಲ್ಲ, ಅನ್ನ-ಸಾರಿಗೂ ಶುದ್ಧ ನೀರಿನ ಘಟಕದ ನೀರೇ ಬೇಕು. ನೀರು ಶುದ್ಧ ಮಾಡುವಾಗ ಘಟಕ ಹೊರಚೆಲ್ಲುವ ತ್ಯಾಜ್ಯ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ. ದನಕ್ಕೆ ಕುಡಿಸಬೇಡಿ, ಶೌಚಾಲಯಕ್ಕೆ ಬಳಸಿ.

ಮಳೆ ನೀರಲ್ಲಿ ಈ ತೊಂದರೆ ಇಲ್ಲ. ದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ ಹರಿಯುವಂತೆ ಕಟ್ಟಿದ ಜನರ ಊರು ನಮ್ಮದು. ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಶೀಟಿನ ಮನೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ, ಚೆಲ್ಲಿದ್ದು ಕಳೆದರೂ 400 ಲೀಟರ್ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಸೂರು ಗುಡಿಸಿ, ದೋಣಿ ಪೈಪು ಕಟ್ಟಿಸಿ. ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಹೊರಗೆ ಬಿಡಿ. ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಡ್ರಮ್ಮಿಗೆ ತುಂಬಿಸಿ. ಕುಡಿಯುವುದಾದರೆ ಕುದಿಸಿ, ಹಿಡಿಯಿರುವ ಸೌಟಿನಿಂದಲೇ ಮೊಗೆಯಿರಿ.